ಕೀಲು ಊತ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದೂ ಜಾಸ್ತಿಯಾಗುತ್ತದಾ? ಅಮ್ಮನ ಡಿ-ಡೈಮರ್ 1,100 ಬಂದಿದೆ

ತುಂಗಾತೀರ, ಶಿವಮೊಗ್ಗ

ನಮಸ್ಕಾರ. ಅಮ್ಮನಿಗೆ 58 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲು ಊದಿಸುವ ಸಂಧಿವಾತ) ಬಂದು ತುಂಬಾ ವರ್ಷ ಆಯಿತು. ಅದನ್ನು ಹಿಡಿತದಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಂಡು ಆರಾಮಾಗಿಯೇ ಇದ್ದರು. ಈ ಮಳೆಗಾಲದಲ್ಲಿ "ಈಗೇನೂ ನೋವಿಲ್ಲ, ಸುಮ್ನೆ ಯಾಕೆ ಅಷ್ಟು ಮಾತ್ರೆ" ಅಂತ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದಾರೆ. ಆಮೇಲೆ ಶುರುವಾಯಿತು. ಎರಡೂ ಮಣಿಕಟ್ಟು ಊದಿದವು, ಎಡ ಮಂಡಿ ಊದಿತು. ಬೆಳಿಗ್ಗೆ ಕಾಫಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ.

ಹೋದ ವಾರ ಇದ್ದಕ್ಕಿದ್ದಂತೆ ಎಡಗಾಲಿನ ಮೀನಖಂಡ ಊದಿ ಕೆಂಪಾಯಿತು. ಮುಟ್ಟಲು ಬಿಡುತ್ತಿರಲಿಲ್ಲ. ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು. "ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಡಿವಿಟಿ" ಅಂದರು. ಹೆಪ್ಪಿನ ಸುಳಿವು ನೋಡುವ ರಕ್ತ ಪರೀಕ್ಷೆ ಡಿ-ಡೈಮರ್ 1,100. ಪ್ಲೇಟ್‌ಲೆಟ್ 5.2 ಲಕ್ಷ. ಉರಿಯೂತ ತೋರಿಸುವ ಎರಡು ಪರೀಕ್ಷೆಗಳಲ್ಲಿ ಇಎಸ್‌ಆರ್ 84. ಸಿಆರ್‌ಪಿ 46. ನಮ್ಮ ಎದೆ ಧಸಕ್ ಅಂತು. ಆದರೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಇಲ್ಲ. ಮಂಡಿ ಹಿಂದಿನ ಬೇಕರ್ ಸಿಸ್ಟ್ (ನೀರು ತುಂಬಿದ ಚೀಲ) ಒಡೆದಿದೆ ಅಂತ ಬಂತು.

ಹೆಪ್ಪೇ ಇಲ್ಲ ಅಂದಮೇಲೆ ಡಿ-ಡೈಮರ್ ಅಷ್ಟು ಯಾಕೆ? ಪ್ಲೇಟ್‌ಲೆಟ್ ಯಾಕೆ ಏರಿದೆ? ನಮ್ಮ ಚಿಕ್ಕಪ್ಪ "ರಕ್ತ ಗಟ್ಟಿಯಾಗಿದೆ, ದಿನಾ ಒಂದು ಎಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ಹಾಕಿ" ಅನ್ನುತ್ತಿದ್ದಾರೆ. ಹಾಕಬಹುದಾ?

ಕೀಲೆಣ್ಣೆ, ಹುಬ್ಬಳ್ಳಿ

ಮೊದಲು ಆ ಎಕೋಸ್ಪ್ರಿನ್ ಪಟ್ಟಿ ಚಿಕ್ಕಪ್ಪನ ಕೈಯಿಂದ ಇಸ್ಕೊಳ್ಳಿ. ಉಳಿದದ್ದು ಆಮೇಲೆ ಮಾತಾಡೋಣ.

ಲ್ಯಾಬ್_ಕಿಟಕಿ, ಮೈಸೂರು

ನಾನು ರಕ್ತ ಪರೀಕ್ಷೆ ಲ್ಯಾಬಿನವನು. ಹೆಪ್ಪುಗಟ್ಟುವ ಪರೀಕ್ಷೆಗಳೇ ನನ್ನ ದಿನದ ಕೆಲಸ. ಡಾಕ್ಟರಲ್ಲ, ಹಾಗಾಗಿ ಮಾತ್ರೆ ವಿಷಯ ಡಾಕ್ಟರಿಗೇ ಬಿಡುತ್ತೇನೆ. ಆ ನಂಬರುಗಳು ಏನು ಹೇಳುತ್ತಿವೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಹೆಪ್ಪಿನ ಮುಖ್ಯ ಸಾಮಾನು ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು. ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜೆನ್ ಅನ್ನು ಥ್ರಾಂಬಿನ್ ಎಂಬ ಕಿಣ್ವ ಕತ್ತರಿಸಿದಾಗ ಈ ಎಳೆಗಳು ಆಗುತ್ತವೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಎಂಬ ಇನ್ನೊಂದು ಕಿಣ್ವ ಬಂದು ಅವನ್ನು ಒಡೆಯುತ್ತದೆ. ಹಾಗೆ ಒಡೆದು ಉಳಿದ ಚೂರೇ ಡಿ-ಡೈಮರ್. ಅಂದರೆ ಈ ಪರೀಕ್ಷೆ ಹೇಳುವುದು ಇಷ್ಟೇ: ದೇಹದಲ್ಲಿ ಎಲ್ಲೋ ಫೈಬ್ರಿನ್ ಕಟ್ಟಿದೆ, ಒಡೆದಿದೆ. ಎಲ್ಲಿ ಅಂತ ಅದು ಹೇಳಲಾರದು.

ರುಮಟಾಯ್ಡ್‌ನಲ್ಲಿ ಈ ಕಟ್ಟುವ, ಒಡೆಯುವ ಕೆಲಸ ಊದಿದ ಕೀಲಿನೊಳಗೇ ನಡೆಯುತ್ತಿರುತ್ತದೆ. ಕೀಲಿನ ಒಳಪೊರೆಯ ಮೇಲೆ ಫೈಬ್ರಿನ್ ಪದರ ಕೂತಿರುತ್ತದೆ. ಕೆಲವರ ಮಂಡಿಯಿಂದ ತೆಗೆದ ನೀರಿನಲ್ಲಿ ಬಿಳಿ ಬಿಳಿ ಸಣ್ಣ ತುಣುಕುಗಳು ಸಿಗುತ್ತವೆ. ಅವಕ್ಕೆ ರೈಸ್ ಬಾಡಿ ಅಂತಲೇ ಹೆಸರು. ಅದರಲ್ಲೂ ಫೈಬ್ರಿನ್ ತುಂಬಿರುತ್ತದೆ. ಆ ಚೂರುಗಳೆಲ್ಲ ರಕ್ತಕ್ಕೆ ಸೇರಿದರೆ ಕಾಲಿನಲ್ಲಿ ಹೆಪ್ಪು ಇಲ್ಲದಿದ್ದರೂ ಡಿ-ಡೈಮರ್ ಏರುತ್ತದೆ. ಅದಕ್ಕೇ ಈ ಪರೀಕ್ಷೆಯ ನಿಜವಾದ ಉಪಯೋಗ ಕಡಿಮೆ ಬಂದಾಗ. ಅನುಮಾನ ಕಡಿಮೆ ಇದ್ದು ಡಿ-ಡೈಮರ್ ಕೂಡ ಕಡಿಮೆ ಬಂದರೆ ಹೆಪ್ಪು ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಜಾಸ್ತಿ ಬಂದರೆ ಸ್ಕ್ಯಾನ್ ಮಾಡಿ ನೋಡಿ ಅಂತ ಮಾತ್ರ ಅರ್ಥ. ನಿಮ್ಮ ಕಡೆ ಮಾಡಿದ್ದೂ ಅದನ್ನೇ, ಸರಿಯಾಗಿಯೇ ಮಾಡಿದ್ದಾರೆ.

ರಿಪೋರ್ಟಿನಲ್ಲಿ ಅಳತೆಯ ಘಟಕ ಏನಿದೆ ನೋಡಿ. ಎಫ್‌ಇಯು ಅಂತಿದೆಯಾ, ಡಿಡಿಯು ಅಂತಿದೆಯಾ? ಒಂದೇ ರಕ್ತಕ್ಕೆ ಎಫ್‌ಇಯು ಅಂಕಿ ಡಿಡಿಯು ಅಂಕಿಯ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ. ಒಂದು ಲ್ಯಾಬಿನ ನಂಬರನ್ನು ಇನ್ನೊಂದು ಲ್ಯಾಬಿನದ್ದಕ್ಕೆ ಹೋಲಿಸಿ ಗಾಬರಿಯಾಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಫ್‌ಇಯು ಲೆಕ್ಕದಲ್ಲಿ ಸಾಮಾನ್ಯ ಗಡಿ 500 ನ್ಯಾನೊಗ್ರಾಂ. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ ಗಡಿ ಹಾಕುವ ಪದ್ಧತಿಯೂ ಇದೆ. ಅಮ್ಮನಿಗೆ ಅದು 580 ಆಗುತ್ತದೆ. 1,100 ಅದಕ್ಕಿಂತ ಜಾಸ್ತಿಯೇ, ಆದರೆ ಕೀಲುಗಳು ಹೊತ್ತಿ ಉರಿಯುತ್ತಿರುವಾಗ ಅಚ್ಚರಿಯದ್ದಲ್ಲ.

ತುಂಗಾತೀರ, ಶಿವಮೊಗ್ಗ

ಎಫ್‌ಇಯು ಅಂತಲೇ ಇದೆ. ಅರ್ಥವಾಯಿತು. ಪ್ಲೇಟ್‌ಲೆಟ್?

ಲ್ಯಾಬ್_ಕಿಟಕಿ, ಮೈಸೂರು

ಅದಕ್ಕೆ ಐಎಲ್-6 ಕಾರಣ. ಊದಿದ ಕೀಲಿನಿಂದ ಹೊರಡುವ ಸಂದೇಶದ ಪ್ರೋಟೀನ್ ಇದು. ಇಂಥವೇ ಟಿಎನ್‌ಎಫ್, ಐಎಲ್-1 ಕೂಡ ಇವೆ. ಆದರೆ ಲಿವರ್‌ಗೆ ಹೋಗಿ ದೊಡ್ಡ ಗಲಾಟೆ ಮಾಡುವುದು ಐಎಲ್-6. ಅದು ಹೇಳಿದಂತೆ ಲಿವರ್ ಸಿಆರ್‌ಪಿ ಮಾಡುತ್ತದೆ, ಫೈಬ್ರಿನೋಜೆನ್ ಜಾಸ್ತಿ ಮಾಡುತ್ತದೆ, ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನನ್ನೂ ಜಾಸ್ತಿ ಮಾಡುತ್ತದೆ. ಈ ಹಾರ್ಮೋನು ಮೂಳೆಮಜ್ಜೆಗೆ ಹೋಗಿ ಪ್ಲೇಟ್‌ಲೆಟ್ ಉತ್ಪಾದನೆ ಏರಿಸುತ್ತದೆ. ಮೇಲಿನ ಗಡಿ 4.5 ಲಕ್ಷ, ಅಮ್ಮನಿಗೆ 5.2. ರೋಗ ಹಿಡಿತಕ್ಕೆ ಬಂದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಕಬ್ಬಿಣದ ಕೊರತೆ ಇದ್ದರೂ ಪ್ಲೇಟ್‌ಲೆಟ್ ಏರುತ್ತದೆ. ನಮ್ಮ ಹೆಂಗಸರಲ್ಲಿ ಅದು ಸಾಮಾನ್ಯ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಒಮ್ಮೆ ನೋಡಿಸಿ, ಆದರೆ ಉರಿಯೂತ ಇರುವಾಗ ಫೆರಿಟಿನ್ ತಾನೂ ಏರಿರುತ್ತದೆ ಅನ್ನುವುದು ನೆನಪಿರಲಿ.

ಇಎಸ್‌ಆರ್ 84 ಇದೆಯಲ್ಲ, ಅದೂ ಇದೇ ಕತೆ. ನಾವು ರಕ್ತವನ್ನು 200 ಮಿಲಿಮೀಟರ್ ಗುರುತಿರುವ ವೆಸ್ಟರ್‌ಗ್ರೆನ್ ಕೊಳವೆಗೆ ಏರಿಸಿ, ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಬಿಡುತ್ತೇವೆ. ಆರೋಗ್ಯವಂತರ ರಕ್ತದಲ್ಲಿ ಕೆಂಪು ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ನಿಧಾನಕ್ಕೆ ಇಳಿಯುತ್ತವೆ. ಫೈಬ್ರಿನೋಜೆನ್ ಜಾಸ್ತಿ ಇದ್ದರೆ ಅವು ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಭಾರವಾಗಿ ಬೇಗ ಕೆಳಗಿಳಿಯುತ್ತವೆ. ಕೊಳವೆಯ ಮೇಲ್ಭಾಗದಲ್ಲಿ ಅರ್ಧದ ತನಕ ಬರೀ ಹಳದಿ ಪ್ಲಾಸ್ಮಾ ಕಾಣುವ ದಿನಗಳೂ ಇವೆ. ಇಎಸ್‌ಆರ್ ಅಂದರೆ ಕೀಲುನೋವಿನ ಅಳತೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಹೆಪ್ಪಿನ ಕಚ್ಚಾ ಸಾಮಾನು ಎಷ್ಟಿದೆ ಅನ್ನುವ ಸುಳಿವೂ ಅದರಲ್ಲಿದೆ. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಮಂಡಿಪೇಟೆ_ವೈದ್ಯ, ದಾವಣಗೆರೆ

ಒಡೆದ ಬೇಕರ್ ಸಿಸ್ಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಂಡಿಯಲ್ಲಿ ನೀರು ತುಂಬಿದಾಗ ಅದು ಹಿಂಭಾಗಕ್ಕೆ ತಳ್ಳಿಕೊಂಡು ಚೀಲದಂತೆ ಉಬ್ಬುತ್ತದೆ. ಒಡೆದರೆ ಆ ನೀರೆಲ್ಲ ಮೀನಖಂಡದ ಸ್ನಾಯುಗಳ ನಡುವೆ ಇಳಿಯುತ್ತದೆ. ಊತ, ಬಿಸಿ, ಕೆಂಪು, ನೋವು ಎಲ್ಲ ಥೇಟ್ ಡಿವಿಟಿ ಥರವೇ. ಕೆಲವರಲ್ಲಿ ಒಂದೆರಡು ದಿನ ಕಳೆದು ಪಾದದ ಕೀಲಿನ ಗಂಟಿನ ಕೆಳಗೆ ಅರ್ಧಚಂದ್ರದಂತೆ ನೀಲಿ ಕಲೆ ಕಾಣುತ್ತದೆ. ಕಂಡರೆ ಸಿಸ್ಟ್ ಒಡೆದಿರುವ ಸಾಧ್ಯತೆ ಹೆಚ್ಚು. ಕಾಣದಿದ್ದರೆ ಏನೂ ಹೇಳಲಾಗದು.

ಇದು ಯಾಕೆ ಮುಖ್ಯ ಅಂದರೆ, ಸ್ಕ್ಯಾನ್ ಮಾಡದೆ ಡಿವಿಟಿ ಅಂತ ಹೆಪ್ಪು ತಡೆಯುವ ಹೆಪಾರಿನ್ ಕೊಟ್ಟರೆ, ಒಡೆದ ಜಾಗದಲ್ಲಿ ರಕ್ತ ಸುರಿದು ಮೀನಖಂಡ ಕಲ್ಲಿನಂತೆ ಬಿಗಿಯಬಹುದು. ಸ್ಕ್ಯಾನ್ ಮಾಡದೆ ಸಿಸ್ಟ್ ಅಂತ ಮನೆಗೆ ಕಳಿಸಿದರೆ ನಿಜವಾದ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಒಂದೇ ಕಾಲಿನಲ್ಲಿ ಎರಡೂ ಇರುವುದುಂಟು. ಸಿಸ್ಟ್ ಪಕ್ಕದ ರಕ್ತನಾಳವನ್ನು ಒತ್ತಿ ಹಿಡಿದು ಹೆಪ್ಪಿಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಊತ ಇಳಿಯದೆ ಹೋದರೆ ಅಥವಾ ಜಾಸ್ತಿಯಾದರೆ ಒಂದು ವಾರದಲ್ಲಿ ಡಾಪ್ಲರ್ ಮತ್ತೊಮ್ಮೆ ಮಾಡಿಸಿ.

ಸಂಶಯಪ್ರಾಣಿ, ಬೆಂಗಳೂರು

ಒಂದು ಪ್ರಶ್ನೆ. ರುಮಟಾಯ್ಡ್ ಇರುವವರಿಗೆ ಹೆಪ್ಪು ಜಾಸ್ತಿ ಅಂತ ಎಲ್ಲ ಕಡೆ ಓದುತ್ತೇನೆ. ಆದರೆ ಅವರು ನಡೆಯುವುದು ಕಡಿಮೆ. ಸ್ಟೆರಾಯ್ಡ್ ತಗೊಳ್ಳುತ್ತಾರೆ. ಮಂಡಿ, ಸೊಂಟದ ಆಪರೇಷನ್ ಮಾಡಿಸುತ್ತಾರೆ. ಇದೆಲ್ಲ ಬಿಟ್ಟು ಉರಿಯೂತವೇ ಕಾರಣ ಅಂತ ಹೇಗೆ ಹೇಳುತ್ತೀರಿ?

ಲ್ಯಾಬ್_ಕಿಟಕಿ, ಮೈಸೂರು

ಒಳ್ಳೆ ಪ್ರಶ್ನೆ. ನೀವು ಹೇಳಿದವೆಲ್ಲವೂ ಪಾಲುದಾರರೇ. ಜರ್ಮನಿಯ ರುಡಾಲ್ಫ್ ವಿರ್ಕೋ ಹೆಸರಿನಲ್ಲಿ ಇಂದಿಗೂ ಮೂರು ಕಾರಣ ಹೇಳುತ್ತಾರೆ: ರಕ್ತ ನಿಂತಲ್ಲೇ ನಿಲ್ಲುವುದು, ನಾಳದ ಗೋಡೆ ಕೆಡುವುದು, ರಕ್ತದ ಗುಣವೇ ಬದಲಾಗುವುದು. ಹಾಸಿಗೆ ಹಿಡಿದರೆ ಮೊದಲನೆಯದು. ಉರಿಯೂತ ಉಳಿದ ಎರಡನ್ನೂ ಕೆಡಿಸುತ್ತದೆ.

ಸ್ವೀಡನ್‌ನಲ್ಲಿ 2006ರಿಂದ 2018ರ ತನಕ 46,000ಕ್ಕೂ ಹೆಚ್ಚು ರುಮಟಾಯ್ಡ್ ರೋಗಿಗಳ ದಾಖಲೆ ನೋಡಿದರು. ಭೇಟಿಗೆ ಬಂದ ದಿನ ರೋಗ ಎಷ್ಟು ಜೋರಾಗಿದೆ ಅಂತ ಡಿಎಎಸ್28 ಅಂಕ ಹಾಕಿದ್ದರು. ಅಲ್ಲಿಂದ ಒಂದು ವರ್ಷದೊಳಗೆ ಯಾರಿಗೆ ಹೆಪ್ಪು ಆಯಿತು ಅಂತ ಲೆಕ್ಕ ಹಾಕಿದರು. ರೋಗ ಪೂರ್ತಿ ತಣ್ಣಗಿದ್ದವರಲ್ಲಿ 0.52 ಶೇಕಡಾ. ಜೋರಾಗಿದ್ದವರಲ್ಲಿ 1.08 ಶೇಕಡಾ. ಹತ್ತಿರ ಹತ್ತಿರ ಎರಡು ಪಟ್ಟು. ರೋಗ ಮೆಟ್ಟಿಲು ಏರಿದಂತೆ ಅಪಾಯವೂ ಏರುತ್ತದೆ. ತಣ್ಣಗಿದ್ದವರಲ್ಲೂ ರೋಗವಿಲ್ಲದ ಜನರಿಗಿಂತ ಸ್ವಲ್ಪ ಹೆಚ್ಚೇ ಇತ್ತು.

ಅಂಕಿ ನೋಡಿ ಹೆದರುವವರಿಗೆ: ಜೋರಾಗಿ ರೋಗ ಇದ್ದ 1,000 ಜನರಲ್ಲಿ ವರ್ಷಕ್ಕೆ 11 ಮಂದಿಗೆ. ಉಳಿದ 989 ಜನರಿಗೆ ಆಗಲಿಲ್ಲ.

ಸಂಶಯಪ್ರಾಣಿ, ಬೆಂಗಳೂರು

ಇದೂ ಜೊತೆಜೊತೆಗೆ ಕಂಡದ್ದೇ ಅಲ್ವಾ? ಜೋರಾಗಿದ್ದವರು ಜಾಸ್ತಿ ಮಲಗಿರುತ್ತಾರೆ.

ಲ್ಯಾಬ್_ಕಿಟಕಿ, ಮೈಸೂರು

ಹೌದು, ಅದಕ್ಕೇ ಪ್ರಯೋಗಗಳನ್ನೂ ನೋಡಬೇಕು. ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ, ಕೆಲವೇ ಗಂಟೆಯಲ್ಲಿ ಜ್ವರದ ಜೊತೆ ಥ್ರಾಂಬಿನ್ ಉತ್ಪಾದನೆಯೂ ಶುರುವಾಗುತ್ತದೆ. ಅವರು ಸ್ಟೆರಾಯ್ಡ್ ತಗೊಂಡಿಲ್ಲ, ಮಂಡಿ ಆಪರೇಷನ್ ಆಗಿಲ್ಲ. 1994ರಲ್ಲಿ ಚಿಂಪಾಂಜಿಗಳಲ್ಲಿ ಇದೇ ಪ್ರಯೋಗ ಮಾಡಿ, ಐಎಲ್-6 ಅನ್ನು ಆಂಟಿಬಾಡಿಯಿಂದ ತಡೆದರು. ಹೆಪ್ಪಿನ ಚಟುವಟಿಕೆ ತಗ್ಗಿತು. ಉರಿಯೂತದಿಂದ ಹೆಪ್ಪಿಗೆ ನೇರ ದಾರಿ ಇದೆ ಅನ್ನಲು ಇಷ್ಟು ಸಾಕು ಅಂತ ನನ್ನ ಅಭಿಪ್ರಾಯ.

ಆ ದಾರಿ ಹೇಗೆ ಅಂದರೆ, ಎಲ್ಲ ಶುರುವಾಗುವುದು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನಿನಿಂದ. ಸಾಮಾನ್ಯ ದಿನಗಳಲ್ಲಿ ಅದು ರಕ್ತನಾಳದ ಹೊರಗಡೆ ಇರುತ್ತದೆ. ಚರ್ಮ ಕುಯ್ದಾಗ ಮಾತ್ರ ರಕ್ತಕ್ಕೆ ತಾಗುತ್ತದೆ. ಟಿಎನ್‌ಎಫ್, ಐಎಲ್-1 ಬಂದರೆ ರಕ್ತದಲ್ಲೇ ಓಡಾಡುವ ಮೊನೊಸೈಟ್ ಕಣಗಳು ಅದನ್ನು ಮೈಮೇಲೆ ಹೊತ್ತುಕೊಳ್ಳುತ್ತವೆ. ಗಾಯವೇ ಇಲ್ಲದೆ ಗಾಯದ ಸಂಕೇತ ಹೋಗುತ್ತದೆ. ಫ್ಯಾಕ್ಟರ್ 7 ಅದಕ್ಕೆ ಅಂಟುತ್ತದೆ, ಮುಂದೆ ಸರಪಳಿ ಓಡಿ ಥ್ರಾಂಬಿನ್ ಬರುತ್ತದೆ.

ಅಷ್ಟಕ್ಕೇ ನಿಂತಿದ್ದರೆ ದೇಹ ಸಂಭಾಳಿಸುತ್ತಿತ್ತು. ಬ್ರೇಕ್ ಕೂಡ ಸಡಿಲವಾಗುತ್ತದೆ, ನನ್ನ ಪ್ರಕಾರ ಅಸಲಿ ತೊಂದರೆ ಇಲ್ಲಿದೆ. ನಾಳದ ಒಳಗೋಡೆಯ ಮೇಲೆ ಥ್ರಾಂಬೊಮಾಡ್ಯುಲಿನ್ ಅಂತ ಒಂದು ಪ್ರೋಟೀನ್ ಇದೆ. ಅದು ಥ್ರಾಂಬಿನ್ ಅನ್ನು ಹಿಡಿದು, ಅದರ ಕೈಯಿಂದಲೇ ಪ್ರೋಟೀನ್ ಸಿ ಎಂಬ ಬ್ರೇಕನ್ನು ಚಾಲೂ ಮಾಡಿಸುತ್ತದೆ. ಉರಿಯೂತದಲ್ಲಿ ಗೋಡೆಯ ಮೇಲಿನ ಥ್ರಾಂಬೊಮಾಡ್ಯುಲಿನ್ ಕಡಿಮೆಯಾಗುತ್ತದೆ. ಪ್ರೋಟೀನ್ ಸಿ ಜೊತೆಗಾರ ಪ್ರೋಟೀನ್ ಎಸ್ ಕೂಡ ಪೂರ್ತಿ ಕೈಗೆ ಸಿಗುವುದಿಲ್ಲ. ಲಿವರ್ ಆ ಹೊತ್ತಿನಲ್ಲಿ ಜಾಸ್ತಿ ಮಾಡುವ ಇನ್ನೊಂದು ಪ್ರೋಟೀನ್ ಅದನ್ನು ಕಟ್ಟಿಹಾಕಿಕೊಂಡಿರುತ್ತದೆ. ಕೊನೆಗೆ ಪಿಎಐ-1 ಏರುತ್ತದೆ. ಅದು ಹೆಪ್ಪು ಕರಗಿಸುವ ಪ್ಲಾಸ್ಮಿನ್ ತಯಾರಾಗದಂತೆ ತಡೆಯುತ್ತದೆ. ಹೀಗೆ ಕಟ್ಟುವುದು ಜಾಸ್ತಿ, ತಡೆಯುವುದು ಕಡಿಮೆ, ಕರಗಿಸುವುದೂ ಕಡಿಮೆ.

ಇನ್ನೊಂದು ಸ್ವಾರಸ್ಯ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಹೊರಗೆ ಚೆಲ್ಲಿ ಬಲೆ ಹರಡುತ್ತವೆ ಅಂತ 2004ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾ ಹಿಡಿಯಲು ಅದು. ಆ ಬಲೆಗೆ ಪ್ಲೇಟ್‌ಲೆಟ್‌ಗಳೂ ಸಿಕ್ಕಿಕೊಳ್ಳುತ್ತವೆ, ಹೆಪ್ಪು ಕಟ್ಟುತ್ತದೆ. ಬಲೆ ಹರಡಲು ಬೇಕಾದ ಪಿಎಡಿ4 ಎಂಬ ಕಿಣ್ವವೇ ಪ್ರೋಟೀನ್‌ಗಳ ರೂಪ ಬದಲಿಸುತ್ತದೆ. ಹಾಗೆ ರೂಪ ಬದಲಾದ ಪ್ರೋಟೀನ್‌ಗಳ ವಿರುದ್ಧ ಹುಟ್ಟುವುದೇ ನಿಮ್ಮ ರಿಪೋರ್ಟಿನಲ್ಲಿ ಬರುವ ಆಂಟಿ-ಸಿಸಿಪಿ ಎಂಬ ಆಂಟಿಬಾಡಿ. ರೂಪ ಬದಲಾದ ಫೈಬ್ರಿನೋಜೆನ್ ಕೂಡ ಆ ಗುಂಪಿನಲ್ಲೇ ಇದೆ. ರುಮಟಾಯ್ಡ್ ಮತ್ತು ಹೆಪ್ಪು ದೂರದ ನೆಂಟರಲ್ಲ, ಒಂದೇ ಮನೆಯವರು.

ಕೀಲೆಣ್ಣೆ, ಹುಬ್ಬಳ್ಳಿ

ನನಗೆ ನಿಜವಾಗಿಯೂ ಡಿವಿಟಿ ಆಗಿತ್ತು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಸೀರೆ ಅಂಚು ಮಂಡಿ ತನಕ ಎತ್ತಿಸಿ ನೋಡಲಿಲ್ಲ. "ನಿಮಗೆ ಸಂಧಿವಾತ ಇದೆಯಲ್ಲ, ಅದೇ ನೋವು" ಅಂದು ಎಟೊರಿಕಾಕ್ಸಿಬ್ ಎಂಬ ನೋವಿನ ಮಾತ್ರೆ ಬರೆದು ಕಳಿಸಿದರು. ನಮ್ಮ ರೋಗದವರ ಹಣೆಬರಹ ಇದು. ಹಲ್ಲುನೋವು ಬಂದರೂ ಸಂಧಿವಾತ. ಮಾರನೇ ದಿನ ಮಗಳೇ ಹೊಲಿಗೆ ಟೇಪು ತಂದು ಎರಡೂ ಕಾಲು ಅಳೆದಳು. ಬಲಗಾಲು ಎಡಗಾಲಿಗಿಂತ ಎದ್ದು ಕಾಣುವಷ್ಟು ದಪ್ಪ. ಬೇರೆ ಕಡೆ ಡಾಪ್ಲರ್ ಮಾಡಿದರೆ ಹೆಪ್ಪು ತೊಡೆಯ ತನಕ ಏರಿತ್ತು. ಹೆಪ್ಪು ತಡೆಯುವ ರಿವರಾಕ್ಸಬಾನ್ ಮಾತ್ರೆ ಹಾಕಿದರು. ಈಗ ಆರಾಮ ಇದ್ದೇನೆ.

ಮಂಡಿಪೇಟೆ_ವೈದ್ಯ, ದಾವಣಗೆರೆ

ನಿಮ್ಮ ಮಗಳಿಗೆ ಶಹಬ್ಬಾಸ್. ಟೇಪು ಎಲ್ಲಿ ಹಿಡಿಯಬೇಕು ಅಂದರೆ, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬು ಇದೆಯಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ. ಎರಡೂ ಕಾಲಿನ ವ್ಯತ್ಯಾಸ 3 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ನಾವು ಅನುಮಾನದ ಲೆಕ್ಕಕ್ಕೆ ಒಂದು ಅಂಕ ಸೇರಿಸುತ್ತೇವೆ. ವ್ಯತ್ಯಾಸ ಇಲ್ಲ ಅಂತ ಹೆಪ್ಪು ಇಲ್ಲ ಅನ್ನಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಟೇಪು ಹುಡುಕುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಎಕೋಸ್ಪ್ರಿನ್ ವಿಷಯ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು. ಏನೂ ಆಗದವರು ಮುನ್ನೆಚ್ಚರಿಕೆ ಅಂತ ತಿಂದರೆ ಲಾಭ ಚೂರುಪಾರು, ರಕ್ತಸ್ರಾವದ ಅಪಾಯ ಖಾತ್ರಿ. 2018ರಲ್ಲಿ ಬಂದ ಮೂರು ದೊಡ್ಡ ಅಧ್ಯಯನಗಳ ಸಾರ ಇದೇ. ರುಮಟಾಯ್ಡ್‌ನವರು ಅದರ ಮೇಲೆ ನೋವಿನ ಮಾತ್ರೆ, ಸ್ಟೆರಾಯ್ಡ್ ಬೇರೆ ತಗೊಂಡಿರುತ್ತಾರೆ. ಹೊಟ್ಟೆಯಲ್ಲಿ ಹುಣ್ಣಾಗಿ ಕಪ್ಪು ಮಲ ಹೋಗುತ್ತಾ ಬಂದವರನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ. ಅಮ್ಮನಿಗೆ ಬೇಕಿರುವುದು ಮೆಥೊಟ್ರೆಕ್ಸೇಟ್. ಉರಿಯೂತ ಇಳಿಸಿದರೆ ಫೈಬ್ರಿನೋಜೆನ್, ಪ್ಲೇಟ್‌ಲೆಟ್ ಎರಡೂ ಅದರ ಹಿಂದೆಯೇ ಇಳಿಯುತ್ತವೆ.

ಕೀಲೆಣ್ಣೆಯವರೇ, ರಿವರಾಕ್ಸಬಾನ್ ಜೊತೆ ಎಟೊರಿಕಾಕ್ಸಿಬ್ ಆಗಲಿ ಡೈಕ್ಲೊಫೆನಾಕ್ ಆಗಲಿ ಅಂಗಡಿಯಿಂದ ತಂದು ನುಂಗಬೇಡಿ.

ಕೀಲೆಣ್ಣೆ, ಹುಬ್ಬಳ್ಳಿ

ಇಲ್ಲ ಡಾಕ್ಟ್ರೇ, ಈಗ ಬರೀ ಪ್ಯಾರಾಸಿಟಮಾಲ್.

ಸನ್ನಿವೇಲ್_ಸುಮಾ

ಕ್ಯಾಲಿಫೋರ್ನಿಯಾದಿಂದ. ನನಗೆ 41. ಉಪಾಡಾಸಿಟಿನಿಬ್ ಎಂಬ ಉರಿಯೂತ ಇಳಿಸುವ ಮಾತ್ರೆ ತಗೊಳ್ಳುತ್ತಿದ್ದೇನೆ. ಡಬ್ಬದ ಒಳಗಿನ ಕಾಗದದಲ್ಲಿ ಕಪ್ಪು ಚೌಕದಲ್ಲಿ ಹೆಪ್ಪಿನ ಎಚ್ಚರಿಕೆ ಇದೆ. ತಂಗಿ ಮದುವೆಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೆಚ್ಚುಕಡಿಮೆ ಒಂದಿಡೀ ದಿನ ಕೂತೇ ಇರಬೇಕು. ಹೆದರಬೇಕಾ?

ಸಂಶಯಪ್ರಾಣಿ, ಬೆಂಗಳೂರು

ಸಿಕ್ಕಿಬಿದ್ದಿರಿ ಲ್ಯಾಬ್ ಸಾಹೇಬರೇ. ಉರಿಯೂತ ಇಳಿದರೆ ಹೆಪ್ಪೂ ಕಡಿಮೆ ಅಂದಿರಿ. ಈ ಮಾತ್ರೆ ಉರಿಯೂತವನ್ನು ಚೆನ್ನಾಗಿ ಇಳಿಸುತ್ತದೆ. ಆದರೂ ಹೆಪ್ಪಿನ ಎಚ್ಚರಿಕೆ ಯಾಕೆ?

ಲ್ಯಾಬ್_ಕಿಟಕಿ, ಮೈಸೂರು

ಉರಿಯೂತ ಇಳಿಸಿದರೆ ಸಾಕು ಅಂತ ಕಣ್ಣುಮುಚ್ಚಿ ಹೇಳಲಾಗದು, ಯಾವ ಔಷಧದಿಂದ ಇಳಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಉಪಾಡಾಸಿಟಿನಿಬ್ ತಡೆಯುವುದು ಜಾಕ್ ಎಂಬ ಕಿಣ್ವಗಳನ್ನು. ಅವು ಉರಿಯೂತದ ಸಂದೇಶವನ್ನಷ್ಟೇ ಅಲ್ಲ, ಪ್ಲೇಟ್‌ಲೆಟ್ ಹುಟ್ಟಿಸುವ ಸಂದೇಶವನ್ನೂ ಸಾಗಿಸುತ್ತವೆ. ಹೆಪ್ಪು ಯಾವ ದಾರಿಯಲ್ಲಿ ಜಾಸ್ತಿಯಾಗುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸ್ಟೆರಾಯ್ಡ್ ಕೂಡ ಹಾಗೇ. ಉರಿಯೂತ ಇಳಿಸುತ್ತದೆ, ಆದರೆ ಹೊಸದಾಗಿ ಶುರು ಮಾಡಿದವರಲ್ಲಿ ಹೆಪ್ಪು ಜಾಸ್ತಿ ಕಂಡಿದೆ.

ಮಂಡಿಪೇಟೆ_ವೈದ್ಯ, ದಾವಣಗೆರೆ

ಸುಮಾ ಅವರೇ, ಆ ಎಚ್ಚರಿಕೆಯ ಮೂಲ ಇದೇ ಜಾತಿಯ ಟೊಫಾಸಿಟಿನಿಬ್ ಮೇಲಿನ ದೊಡ್ಡ ಪರೀಕ್ಷೆ. ಅದಕ್ಕೆ ಸೇರಿಸಿಕೊಂಡವರು 50 ದಾಟಿದವರು, ಜೊತೆಗೆ ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಥರದ ಒಂದಾದರೂ ಹೃದಯದ ಅಪಾಯ ಇದ್ದವರು. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ತಗೊಂಡವರಿಗೆ ಹೋಲಿಸಿದರು. ಶ್ವಾಸಕೋಶದ ಹೆಪ್ಪು ಎದ್ದು ಕಂಡದ್ದು ದಿನಕ್ಕೆ ಎರಡು ಸಲ 10 ಮಿಲಿಗ್ರಾಂ ತಗೊಂಡವರಲ್ಲಿ. ರುಮಟಾಯ್ಡ್‌ಗೆ ಮಾಮೂಲಿ ಡೋಸು 5 ಮಿಲಿಗ್ರಾಂ, ಎರಡು ಸಲ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಈ ಎಚ್ಚರಿಕೆಯನ್ನು ಬಾರಿಸಿಟಿನಿಬ್, ಉಪಾಡಾಸಿಟಿನಿಬ್‌ಗೂ ವಿಸ್ತರಿಸಿತು.

ನಿಮ್ಮ ಲೆಕ್ಕ ಬೇರೆ. ಹಿಂದೆ ಹೆಪ್ಪು ಆಗಿದೆಯಾ? ಮನೆಯವರಿಗೆ? ಗರ್ಭನಿರೋಧಕ ಮಾತ್ರೆ ಇದೆಯಾ? ಈಸ್ಟ್ರೊಜೆನ್ ಇರುವ ಮಾತ್ರೆಯಾದರೆ ಅದನ್ನು ನಿಮ್ಮ ರುಮಟಾಲಜಿಸ್ಟಿಗೆ ಹೇಳಲೇಬೇಕು. ಇದ್ಯಾವುದೂ ಇಲ್ಲದಿದ್ದರೆ ಓಡಾಡಲು ಸುಲಭವಾಗುವ ಸೀಟು ತಗೊಳ್ಳಿ. ಆಗಾಗ ಎದ್ದು ನಡೆಯಿರಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ನಿದ್ದೆ ಮಾತ್ರೆ ನುಂಗಿ ಮುದುಡಿ ಮಲಗಬೇಡಿ. ಮಂಡಿ ಕೆಳಗಿನ ತನಕ ಬರುವ ಬಿಗಿ ಸ್ಟಾಕಿಂಗ್ ಹಾಕಬಹುದು, ಅಳತೆ ಸರಿಯಾಗಿರಲಿ. ಬೆರಳು ಊದಿದ್ದರೆ ಅದನ್ನು ಎಳೆದು ಹಾಕಿಕೊಳ್ಳುವುದು ಹರಸಾಹಸ, ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಪ್ರಯಾಣಕ್ಕೆಂದು ಆಸ್ಪಿರಿನ್ ಬೇಡ. ಉಪಾಡಾಸಿಟಿನಿಬ್ ಅನ್ನು ಹೆದರಿ ನೀವೇ ನಿಲ್ಲಿಸಬೇಡಿ. ರೋಗ ಕೆರಳಿದ ಕಾಲಿನಲ್ಲಿ ವಿಮಾನ ಹತ್ತುವುದು ಇನ್ನೂ ಕೆಟ್ಟದ್ದು.

ಮಲೆನಾಡಿಗ

ಅರಿಶಿನ, ಬೆಳ್ಳುಳ್ಳಿ ರಕ್ತ ತೆಳು ಮಾಡುತ್ತದೆ ಅಂತಾರಲ್ಲ. ಮಾತ್ರೆ ಬದಲು ಅದೇ ಸಾಕಲ್ವಾ?

ಮಂಡಿಪೇಟೆ_ವೈದ್ಯ, ದಾವಣಗೆರೆ

ಸಾರಿಗೆ ಹಾಕಿ, ಒಗ್ಗರಣೆಗೆ ಹಾಕಿ, ಸಂತೋಷವಾಗಿ ಊಟ ಮಾಡಿ. ಅದು ಔಷಧದ ಬದಲಿ ಆಗದು. ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇರೆ ಮಾತು, ರಕ್ತ ತೆಳು ಮಾಡುವ ಔಷಧದ ಜೊತೆ ಅದು ಬೇಡ. ರಕ್ತ ತೆಳು ಮಾಡುವ ಅಸಿಟ್ರಾಮ್ ಅಥವಾ ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪಿನ ಸುಳಿವೇ ಇಲ್ಲ ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಅಂಕಿ ಏರುಪೇರಾಗುತ್ತದೆ. ಅಂಥವರಿಗೆ ಲೆಫ್ಲುನೊಮೈಡ್ ಎಂಬ ರುಮಟಾಯ್ಡ್ ಔಷಧ ಶುರು ಮಾಡಿದರೂ ಐಎನ್‌ಆರ್ ಏರಬಹುದು.

ಸಂಶಯಪ್ರಾಣಿ, ಬೆಂಗಳೂರು

ಮೆಥೊಟ್ರೆಕ್ಸೇಟ್ ಹೃದಯಾಘಾತ ತಡೆಯುವುದಿಲ್ಲ ಅಂತ ಒಂದು ದೊಡ್ಡ ಪರೀಕ್ಷೆ 2019ರಲ್ಲಿ ಬಂತಲ್ಲ?

ಲ್ಯಾಬ್_ಕಿಟಕಿ, ಮೈಸೂರು

ಬಂತು, 4,786 ಜನರ ಮೇಲೆ. ಆದರೆ ಅವರು ಹೃದ್ರೋಗಿಗಳು, ರುಮಟಾಯ್ಡ್‌ನವರಲ್ಲ. ಅವರ ಸಿಆರ್‌ಪಿ ಮೊದಲೇ ಕಡಿಮೆ ಇತ್ತು, ಮೆಥೊಟ್ರೆಕ್ಸೇಟ್ ಅದನ್ನು ಇನ್ನಷ್ಟು ಇಳಿಸಲೂ ಇಲ್ಲ. 2017ರ ಇನ್ನೊಂದು ಪರೀಕ್ಷೆಯಲ್ಲಿ ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇರುವ 10,061 ಜನರನ್ನೇ ಆರಿಸಿ ಐಎಲ್-1 ತಡೆಯುವ ಕೆನಕಿನುಮಾಬ್ ಕೊಟ್ಟರು. 150 ಮಿಲಿಗ್ರಾಂ ಡೋಸಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ 15 ಶೇಕಡಾ ಇಳಿಯಿತು. ಅಮ್ಮನ ಸಿಆರ್‌ಪಿ 46. ಆ ಹೃದ್ರೋಗಿಗಳ ಫಲಿತಾಂಶವನ್ನು ಇವರಿಗೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಕೆಂಗೇರಿ_ಗಿರಿ

ನನ್ನ ಹೆಂಡತಿಗೆ ರುಮಟಾಯ್ಡ್. ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಎಪಿಟಿಟಿ ಪರೀಕ್ಷೆ 52 ಸೆಕೆಂಡ್ ಬಂದಿದೆ. ಅಂದರೆ ಹೆಪ್ಪುಗಟ್ಟುವುದು ನಿಧಾನ, ಒಳ್ಳೆಯದೇ ಅಲ್ವಾ? ಡಾಕ್ಟರು ಮಾತ್ರ "ಹೆಪ್ಪಿನ ಅಪಾಯ ಇರಬಹುದು" ಅಂತ ಇನ್ನೂ ಪರೀಕ್ಷೆ ಬರೆದಿದ್ದಾರೆ. ತಲೆಬುಡ ಅರ್ಥವಾಗುತ್ತಿಲ್ಲ.

ಲ್ಯಾಬ್_ಕಿಟಕಿ, ಮೈಸೂರು

ಡಾಕ್ಟರು ಲೂಪಸ್ ಆಂಟಿಕೊಯಾಗ್ಯುಲೆಂಟ್ ಎಂಬ ಆಂಟಿಬಾಡಿ ಹುಡುಕುತ್ತಿದ್ದಾರೆ. ಇದು ಕೊಳವೆಯಲ್ಲಿ ಹೆಪ್ಪನ್ನು ನಿಧಾನ ಮಾಡುತ್ತದೆ, ದೇಹದಲ್ಲಿ ಹೆಪ್ಪು ಕಟ್ಟಿಸುತ್ತದೆ. ಹೆಸರಿಗೂ ಕೆಲಸಕ್ಕೂ ತಾಳಮೇಳ ಇಲ್ಲ. ಜೊತೆಗೆ ಆಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಆಂಟಿಬಾಡಿ ನೋಡುತ್ತಾರೆ. ಸಿಆರ್‌ಪಿ ತುಂಬಾ ಏರಿದ್ದಾಗ ಕೆಲವು ರಾಸಾಯನಿಕಗಳ ಜೊತೆ ಸೇರಿ ಎಪಿಟಿಟಿ ಸುಳ್ಳೇ ಜಾಸ್ತಿ ಬರುತ್ತದೆ. ಅದಕ್ಕೇ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಬೇಕು. ಹೆಪಾರಿನ್ ಕೊಟ್ಟಿದ್ದರೆ ಲ್ಯಾಬಿಗೆ ಹೇಳಿ.

ಮತ್ತೆ ಒಂದು ಸಣ್ಣ ವಿಷಯ. ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಕೊಳವೆ ಗೆರೆಯ ತನಕ ತುಂಬಿದೆಯಾ ನೋಡಿ. ಅದರೊಳಗೆ ಸಿಟ್ರೇಟ್ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ನರ ಸಿಗದೆ ಅರ್ಧಕ್ಕೇ ನಿಲ್ಲಿಸಿದರೆ ಸಿಟ್ರೇಟ್ ಜಾಸ್ತಿಯಾಗಿ ಎಪಿಟಿಟಿ ಸುಮ್ನೆ ಏರುತ್ತದೆ. ನಮ್ಮಲ್ಲಿ ಅಂಥ ಕೊಳವೆ ಬಂದರೆ ವಾಪಸ್ ಕಳಿಸುತ್ತೇವೆ, ಬೈಸಿಕೊಳ್ಳುತ್ತೇವೆ.

ತುಂಗಾತೀರ, ಶಿವಮೊಗ್ಗ

ರುಮಟಾಲಜಿಸ್ಟ್ ಹತ್ತಿರ ಹೋಗಿಬಂದೆವು. ಮಂಡಿಯಿಂದ ನೀರು ತೆಗೆದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೆಥೊಟ್ರೆಕ್ಸೇಟ್ ಮತ್ತೆ ಶುರು, ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸಿದ್ದಾರೆ. ಎಕೋಸ್ಪ್ರಿನ್ ಬೇಡವೇ ಬೇಡ ಅಂದರು. ಚಿಕ್ಕಪ್ಪ ಮುನಿಸಿಕೊಂಡಿದ್ದಾರೆ. ಡಿ-ಡೈಮರ್ ತಿಂಗಳಿಗೊಮ್ಮೆ ಮಾಡಿಸುತ್ತಾ ಇರಬೇಕಾ?

ಲ್ಯಾಬ್_ಕಿಟಕಿ, ಮೈಸೂರು

ಬೇಡ. ದುಡ್ಡು ಉಳಿಸಿ. ಲಕ್ಷಣ ಇಲ್ಲದೆ ಮಾಡಿದರೆ ಅದು ಏರಿಯೇ ಇರುತ್ತದೆ, ನೀವು ನಿದ್ದೆ ಕೆಡಿಸಿಕೊಳ್ಳುತ್ತೀರಿ. ರಕ್ತ ಕಣಗಳ ಎಣಿಕೆ, ಲಿವರ್, ಕ್ರಿಯಾಟಿನಿನ್ ಹೇಗೂ ಮೆಥೊಟ್ರೆಕ್ಸೇಟ್‌ಗಾಗಿ ಮಾಡಿಸುತ್ತೀರಿ. ಪ್ಲೇಟ್‌ಲೆಟ್ ಅದರಲ್ಲೇ ಸಿಗುತ್ತದೆ. ಕೀಲು ತಣ್ಣಗಾಗಿ ಸಿಆರ್‌ಪಿ ಇಳಿದ ಮೇಲೂ 4.5 ಲಕ್ಷದ ಮೇಲೇ ನಿಂತಿದ್ದರೆ ಆಗ ಬೇರೆ ಕಾರಣ ಹುಡುಕಬೇಕು.

ಅಂದಹಾಗೆ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಹೆಪ್ಪು ತಡೆಯುವ ಗುಣ ಸ್ವಲ್ಪ ಇದೆ. ಸೊಂಟದ ಕೀಲು ಬದಲಿಸುವ ಆಪರೇಷನ್ನಿನ ಜನಕ ಜಾನ್ ಚಾರ್ನ್ಲಿ 1970ರ ದಶಕದಲ್ಲಿ ತಮ್ಮ ರೋಗಿಗಳಿಗೆ ಶ್ವಾಸಕೋಶದ ಹೆಪ್ಪು ಬರದಿರಲಿ ಅಂತ ಅದನ್ನೇ ಕೊಡುತ್ತಿದ್ದರು. ಈಗ ಆ ಕೆಲಸಕ್ಕೆ ಹೆಪಾರಿನ್ ಥರದ ಔಷಧಗಳಿವೆ. ಅಮ್ಮನಿಗೆ ಕೊಟ್ಟಿರುವುದು ಕೀಲಿಗಾಗಿ.

ಮುಂದೆಂದಾದರೂ ಟೊಸಿಲಿಜುಮಾಬ್‌ಗೆ ಬದಲಾದರೆ ಒಂದು ನೆನಪಿಡಿ. ಅದು ಐಎಲ್-6 ಸಂದೇಶವನ್ನೇ ಕಟ್ ಮಾಡುತ್ತದೆ. ಸಿಆರ್‌ಪಿ, ಇಎಸ್‌ಆರ್ ಎರಡೂ ನೆಲ ಕಚ್ಚುತ್ತವೆ, ಸೋಂಕು ಇದ್ದರೂ ಏರದೆ ಇರಬಹುದು. ಆಗ ನಮ್ಮ ನಂಬರುಗಳನ್ನಲ್ಲ, ಅಮ್ಮನ ಮುಖ ನೋಡಿ.

ಕೀಲೆಣ್ಣೆ, ಹುಬ್ಬಳ್ಳಿ

ತುಂಗಾತೀರ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಅಮ್ಮ ಬಿಟ್ಟದ್ದನ್ನು ತುಂಬಿಸುತ್ತೇನೆ ಅಂತ ಎರಡು ದಿನ ತಗೊಂಡುಬಿಟ್ಟಾರು. ನಾನು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಭಾನುವಾರ" ಅಂತ ಬರೆದಿಟ್ಟಿದ್ದೇನೆ. ಫೋಲಿಕ್ ಆಸಿಡ್ ಬೇರೆ ಡಬ್ಬದಲ್ಲಿ. ಎರಡೂ ಸಣ್ಣ ಹಳದಿ ಮಾತ್ರೆ, ಒಂದೇ ಕಡೆ ಇಟ್ಟರೆ ಗೊಂದಲ.

ತುಂಗಾತೀರ, ಶಿವಮೊಗ್ಗ

ಇವತ್ತೇ ಬರೆದು ಅಂಟಿಸುತ್ತೇನೆ. ಅಮ್ಮ ಬುಧವಾರ ಅಂತ ಹಟ ಹಿಡಿದಿದ್ದಾರೆ, ಭಾನುವಾರ ನೆಂಟರು ಬರುತ್ತಾರಂತೆ.

ಮಂಡಿಪೇಟೆ_ವೈದ್ಯ, ದಾವಣಗೆರೆ

ಬುಧವಾರವೇ ಇರಲಿ. ವಾರ ಯಾವುದಾದರೂ ಸರಿ, ಬದಲಾಯಿಸಬೇಡಿ ಅಷ್ಟೇ. ಮೀನಖಂಡದ ಊತ ಈಗ ಹೇಗಿದೆ?

ತುಂಗಾತೀರ, ಶಿವಮೊಗ್ಗ

ಇಳಿದಿದೆ ಡಾಕ್ಟ್ರೇ. ನೀವು ಹೇಳಿದ ನೀಲಿ ಕಲೆ ಪಾದದ ಗಂಟಿನ ಕೆಳಗೆ ಕಾಣಿಸಿಕೊಂಡಿತ್ತು. ಈಗ ಹಳದಿಗೆ ತಿರುಗಿದೆ. ಆದರೂ ಶನಿವಾರ ಇನ್ನೊಂದು ಡಾಪ್ಲರ್‌ಗೆ ಹೇಳಿದ್ದಾರೆ, ಮಾಡಿಸುತ್ತೇವೆ.